ದನಿ ಉಳಿಯಿತು, ಹೆಸರು ಉಳಿಯಿತೇ?

ಭಾರತದಲ್ಲಿ ಧ್ವನಿಮುದ್ರಣದ ಕಥೆ ಒಬ್ಬ ಹೆಣ್ಣುಮಗಳಿಂದ ಆರಂಭವಾಗುತ್ತದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದಾಗ ಅವನ ಯಂತ್ರದ ಮುಂದೆ ನಿಂತು ಹಾಡಿದವರಲ್ಲಿ ಬಹುಬೇಗ ದೇಶದ ಮನೆಮಾತಾದವರು ಗೌಹರ್ ಜಾನ್. ಆಗ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಎರಡು ಮೂರು ನಿಮಿಷಗಳಲ್ಲಿ ಹಾಡು ಮುಗಿಯಬೇಕಿತ್ತು. ಮುಗಿಯುತ್ತಿದ್ದಂತೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಮೂಲ ಮುದ್ರಣಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಅಚ್ಚಾಗುತ್ತಿದ್ದವು. ಹಿಂದೂಸ್ತಾನಿ ಭಾಷೆಯ ಗಂಧವಿಲ್ಲದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ!

ಈ ಗೌಹರ್ ಜಾನ್ ಅವರಿಗೂ ನಮ್ಮ ನಾಡಿಗೂ ನಂಟಿದೆ. ಬದುಕಿನ ಸಂಜೆಯಲ್ಲಿ, ಸಂಪತ್ತೆಲ್ಲ ಕರಗಿದ ಮೇಲೆ, ಅವರಿಗೆ ಆಸರೆ ಕೊಟ್ಟದ್ದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಅವರು ಕೊನೆಯುಸಿರೆಳೆದ ಊರಿನಲ್ಲಿ ಇಂದು ಅವರ ನೆನಪು ಮಸುಕಾಗಿದೆ. ಆದರೆ ಹಳೆಯ ತಟ್ಟೆಯ ಮೇಲೆ ಮುಳ್ಳಿಟ್ಟರೆ ಹಾಡಿನ ಕೊನೆಗೆ ಅವರ ಹೆಸರು ಈಗಲೂ ಕೇಳುತ್ತದೆ.

ನಮ್ಮ ಸಂಸ್ಕೃತಿಗೆ ಇದು ಹೊಸದೇನಲ್ಲ. ವಚನಕ್ಕೆ ಅಂಕಿತವಿದೆ, ಕೀರ್ತನೆಗೆ ಮುದ್ರಿಕೆಯಿದೆ, ಗಝಲಿನ ಕೊನೆಯ ದ್ವಿಪದಿಯಲ್ಲಿ ಕವಿಯ ತಖಲ್ಲುಸ್ ಇರುತ್ತದೆ. ಮಾತು ಎಲ್ಲಿಂದ ಬಂತು ಎಂಬುದನ್ನು ಮಾತೇ ಹೊತ್ತು ತರುವ ಪದ್ಧತಿ ಅದು. ಆದರೆ ಯಂತ್ರ ದನಿಯನ್ನು ಹಿಡಿಯಲು ಕಲಿತ ಮೇಲೆ ದನಿಯೊಂದು ಕಡೆ, ಹೆಸರೊಂದು ಕಡೆ ಆಗುವ ಅಪಾಯ ಹುಟ್ಟಿಕೊಂಡಿತು. ಧ್ವನಿ ಸ್ಟುಡಿಯೋಗಳ ಇತಿಹಾಸವನ್ನು, ಅದರಲ್ಲೂ ವಿದ್ಯಾಸಂಸ್ಥೆಗಳ ಸ್ಟುಡಿಯೋಗಳ ಇತಿಹಾಸವನ್ನು, ಈ ದೃಷ್ಟಿಯಿಂದ ನೋಡುವುದು ಅಗತ್ಯ. ಆ ಇತಿಹಾಸದ ಒಂದು ಮುಖ್ಯ ಎಳೆ ಉತ್ತರ ಬೆಂಗಳೂರಿನ ಹೆಸರಘಟ್ಟಕ್ಕೆ ಬಂದು ಸೇರುತ್ತದೆ.

ಮೈಸೂರು ಸಂಸ್ಥಾನದ ಕಿವಿ

ಬಾನುಲಿಯನ್ನು ಮೈಸೂರಿಗೆ ತಂದವರು ಒಬ್ಬ ಮೇಷ್ಟ್ರು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ಪ್ರಸಾರ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನವು ಆ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾಯಿತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಬ್ಬರು ಸಂಗೀತಕ್ಕೆ ವಿಜ್ಞಾನದ ಕಿವಿಗೊಟ್ಟಿದ್ದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಮೃದಂಗ, ತಬಲಾಗಳ ಬಗ್ಗೆ ಮಾಡಿದ ಅಧ್ಯಯನ ಇಂದಿಗೂ ಸ್ವಾರಸ್ಯಕರ. ಸಾಮಾನ್ಯ ಚರ್ಮವಾದ್ಯವನ್ನು ಬಡಿದರೆ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದಲೇ ಅದು ಬರಿ ಸದ್ದು. ಆದರೆ ನಮ್ಮ ಕುಶಲಕರ್ಮಿಗಳು ಚರ್ಮದ ನಡುವೆ ಪದರ ಪದರವಾಗಿ ಮೆತ್ತುವ ಕಪ್ಪು ಕರಣೆ ಆ ಸ್ವರಗಳನ್ನು ತಂತಿವಾದ್ಯದ ಸ್ವರಗಳಂತೆ ಒಂದು ಸಾಲಿಗೆ ತರುತ್ತದೆ. ರಾಮನ್ ಇದನ್ನು ಪ್ರಯೋಗದಿಂದ ತೋರಿಸಿದರು. ತಬಲಾಕ್ಕೆ ಮೊದಲು ಕರಣೆ ಮೆತ್ತಿದವನು ಯಾರು? ಚರ್ಮದ ಕೆಲಸ ಮಾಡುವ ಯಾವುದೋ ಮನೆತನದ, ಶಾಲೆಗೆ ಹೋಗದ ಮನುಷ್ಯನಿರಬೇಕು. ರಾಮನ್ ಅವರ ಪ್ರಬಂಧಕ್ಕೆ ಹೆಸರಿದೆ, ಸಂಪುಟವಿದೆ, ಪುಟಸಂಖ್ಯೆಯಿದೆ. ಅವನಿಗೆ ಅದಾವುದೂ ಇಲ್ಲ.

ಹೆಸರಘಟ್ಟದ ಕಥೆಯ ಬೇರು ಇರುವುದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಈ ಸರಕಾರಿ ಸಂಸ್ಥೆಯಲ್ಲಿ ಎರಡು ಡಿಪ್ಲೊಮಾಗಳು ಆರಂಭವಾದವು. ಒಂದು ಛಾಯಾಗ್ರಹಣ, ಇನ್ನೊಂದು ಧ್ವನಿಗ್ರಹಣ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ 17 ವರ್ಷ ಮೊದಲೇ ಒಂದು ದೇಶೀ ಸಂಸ್ಥಾನ ಧ್ವನಿಯನ್ನು ಕಲಿಸಬಹುದಾದ ವಿದ್ಯೆಯೆಂದು ಒಪ್ಪಿಕೊಂಡಿತ್ತು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡು ಆಗ ಒಂಬತ್ತೇ ವರ್ಷವಾಗಿತ್ತು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಆ ಚಿತ್ರ ತಯಾರಾದದ್ದೂ ದೂರದ ಕೊಲ್ಹಾಪುರದಲ್ಲಿ.

ಈ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ವಿಭಾಗದ ಕೀರ್ತಿ ದೊಡ್ಡದು. 1946ರಲ್ಲಿ ಇಲ್ಲಿಂದ ಹೊರಬಂದ ಮೈಸೂರಿನ ವಿ.ಕೆ. ಮೂರ್ತಿ ಗುರುದತ್ತರ ಚಿತ್ರಗಳಿಗೆ ಬೆಳಕು ನೆರಳಿನ ಭಾಷೆ ಕೊಟ್ಟರು. 1959ರ 'ಕಾಗಝ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ ಎನಿಸಿದರು. ಗೋವಿಂದ ನಿಹಲಾನಿ ಕೂಡ 1962ರಲ್ಲಿ ಇಲ್ಲೇ ಛಾಯಾಗ್ರಹಣ ಕಲಿತು ಹೋದವರು. ಸರಿ, ಅದೇ ಸಂಸ್ಥೆಯಲ್ಲಿ, ಅದೇ ವರ್ಷಗಳಲ್ಲಿ ಧ್ವನಿಗ್ರಹಣ ಕಲಿತವರ ಪೈಕಿ ಒಂದು ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು? ಅವರೂ ಸ್ಟುಡಿಯೋಗಳಿಗೆ, ಬಾನುಲಿಗೆ, ಕಾರ್ಖಾನೆಗಳಿಗೆ ಹೋದವರೇ. ಕಣ್ಣಿನ ಕೆಲಸ ಮಾಡಿದವರನ್ನು ನಾಡು ಗುರುತಿಸಿತು. ಕಿವಿಯ ಕೆಲಸ ಮಾಡಿದವರು ಸಿನೆಮಾದ ಶೀರ್ಷಿಕೆ ಪಟ್ಟಿಯಲ್ಲಿ ಕ್ಷಣಕಾಲ ಕಂಡು ಮರೆಯಾದರು.

ಕೈರೋದ ಒಂದು ತಂತಿ

ಬೆಂಗಳೂರಿನಲ್ಲಿ ಧ್ವನಿ ತರಗತಿ ಆರಂಭವಾದ ಮರುವರ್ಷ, 1944ರಲ್ಲಿ, ಈಜಿಪ್ತಿನ ಕೈರೋದಲ್ಲಿ ಹಲೀಮ್ ಅಲ್-ದಬ್ಅ್ ಎಂಬ ಯುವಕ ಬಾನುಲಿ ಕೇಂದ್ರದಿಂದ ಒಂದು ಯಂತ್ರವನ್ನು ಎರವಲು ಪಡೆದ. ಕೂದಲೆಳೆಯಂಥ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತಶಕ್ತಿಯಿಂದ ಹಿಡಿಯುವ ವೈರ್ ರೆಕಾರ್ಡರ್ ಅದು. ಟೇಪು ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಈತ ಕಾಪ್ಟಿಕ್ ಕ್ರೈಸ್ತ ಕುಟುಂಬದವನು, ಓದಿದ್ದು ಕೃಷಿ ಎಂಜಿನಿಯರಿಂಗ್. ಯಂತ್ರವನ್ನು ಹೊತ್ತು ಅವನು ಹೋದದ್ದು 'ಝಾರ್' ನಡೆಯುವ ಮನೆಗೆ. ಮೈಮೇಲೆ ಬಂದ ಪೀಡೆಯನ್ನು ಹಾಡು, ತಮಟೆಗಳಿಂದ ಇಳಿಸುವ ಹೆಂಗಸರ ಆಚರಣೆ ಅದು. ಉಲಮಾಗಳು ಅದನ್ನು ಒಪ್ಪುವುದಿಲ್ಲ. ಆದರೂ ಬಡ ಹೆಂಗಸರ ನಡುವೆ ಅದು ಉಳಿದು ಬಂದಿತ್ತು. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಗೆಳೆಯನೊಂದಿಗೆ ಮುಸುಕು ಹಾಕಿಕೊಂಡು ಒಳಹೊಕ್ಕೆವೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ಹಾಗೆ ತಂದ ದನಿಯನ್ನು ಅವನು ಹಾಗೆಯೇ ಇಡಲಿಲ್ಲ. ಬಾನುಲಿ ಕೇಂದ್ರದಲ್ಲಿ ಪ್ರತಿಧ್ವನಿಯ ಕೋಣೆಯೊಂದಿತ್ತು. ಬಿಜಾಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗುಮ್ಮಟ ದೊಡ್ಡ ಪ್ರಮಾಣದಲ್ಲಿ ಮಾಡುವುದನ್ನೇ ಸ್ಟುಡಿಯೋದ ಬರಿಗೋಡೆಯ ಕೋಣೆ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಅವನು ಹೆಂಗಸರ ಹಾಡನ್ನು ಆ ಕೋಣೆಯಲ್ಲಿ ಮತ್ತೆ ನುಡಿಸಿ ಮತ್ತೆ ಹಿಡಿದ. ದನಿಯ ಮೂಲ ಶ್ರುತಿಯನ್ನು ಸೋಸಿ ತೆಗೆದು ಮೇಲಿನ ಸೂಕ್ಷ್ಮ ಸ್ವರಗಳನ್ನಷ್ಟೇ ಉಳಿಸಿದ. ಮಾತು ಕರಗಿತು, ಅಳಲು ಉಳಿಯಿತು. ಆ ವರ್ಷವೇ ಅದನ್ನು ಕೈರೋದಲ್ಲಿ ಸಾರ್ವಜನಿಕರಿಗೆ ಕೇಳಿಸಿದ. ಹಿಡಿದಿಟ್ಟ ಸದ್ದನ್ನೇ ಮಣ್ಣಿನಂತೆ ಕಲಸಿ ಹೊಸ ರೂಪ ಕೊಡುವ ಈ ಕಲೆಗೆ ಮುಂದೆ ಎಲೆಕ್ಟ್ರೋ-ಅಕೌಸ್ಟಿಕ್ ಸಂಗೀತ ಎಂಬ ಹೆಸರು ಬಂತು. ಪಾಶ್ಚಾತ್ಯ ಪುಸ್ತಕಗಳಲ್ಲಿ ಈ ಕಥೆ ಸಾಮಾನ್ಯವಾಗಿ 1948ರ ಪ್ಯಾರಿಸ್‌ನಿಂದ, ರೈಲಿನ ಸದ್ದುಗಳನ್ನು ಜೋಡಿಸಿದ ಪಿಯರ್ ಶೆಫರ್‌ನಿಂದ ಆರಂಭವಾಗುತ್ತಿತ್ತು. ಕೈರೋ ಅದಕ್ಕಿಂತ ನಾಲ್ಕು ವರ್ಷ ಮುಂದಿತ್ತು ಎಂಬುದನ್ನು ಜಗತ್ತು ತಡವಾಗಿ ಒಪ್ಪಿಕೊಂಡಿತು.

ಈ ಕೊರತೆ ಸರಿಯಾಯಿತು. ಇನ್ನೊಂದು ಸರಿಯಾಗಿಲ್ಲ. ಆ ತಂತಿಯೊಂದಿಗೆ ನಮ್ಮವರೆಗೆ ಬಂದಿರುವುದು ಸಂಯೋಜಕನ ಹೆಸರು ಮಾತ್ರ. ಹಾಡಿದ ಹೆಂಗಸರ ಹೆಸರಿಲ್ಲ. ಅವರ ಒಪ್ಪಿಗೆಯ ಮಾತಂತೂ ದೂರವೇ ಉಳಿಯಿತು.

ವಿಶ್ವವಿದ್ಯಾನಿಲಯದ ಬಾಗಿಲು

ಇಂಥ ಕೆಲಸಕ್ಕೆ ಬೇಕಾದ ಯಂತ್ರಗಳು ದುಬಾರಿ. ಒಬ್ಬ ಕಲಾವಿದನ ಕೈಗೆ ಎಟುಕುವಂಥವಲ್ಲ. ಯುರೋಪಿನಲ್ಲಿ ಬಾನುಲಿ ಕೇಂದ್ರಗಳು ಆಸರೆಯಾದವು. 1951ರಲ್ಲಿ ಜರ್ಮನಿಯ ಕೊಲೋನ್ ಬಾನುಲಿಯ ಸ್ಟುಡಿಯೋ ಹುಟ್ಟಿತು. ಅಮೆರಿಕದಲ್ಲಿ ಆ ಜವಾಬ್ದಾರಿಯನ್ನು ವಿಶ್ವವಿದ್ಯಾನಿಲಯಗಳು ಹೊತ್ತವು. 1958ರಲ್ಲಿ ಇಲಿನಾಯ್, 1959ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ-ಪ್ರಿನ್ಸ್‌ಟನ್ ಕೇಂದ್ರ, ಅದೇ ವರ್ಷ ಕೆನಡಾದ ಟೊರೊಂಟೊ. ಕೊಲಂಬಿಯಾ-ಪ್ರಿನ್ಸ್‌ಟನ್ ಕೇಂದ್ರಕ್ಕೆ ರಾಕ್‌ಫೆಲ್ಲರ್ ಪ್ರತಿಷ್ಠಾನದ 1,75,000 ಡಾಲರ್ ನೆರವಿತ್ತು. ಕೋಣೆ ತುಂಬುವಷ್ಟು ದೊಡ್ಡ ಆರ್‌ಸಿಎ ಸಿಂಥಸೈಝರ್ ಇತ್ತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಬಾಗಿಲು ಪೂರ್ವದೇಶದವರಿಗೂ ತೆರೆದಿತ್ತು. ಅಲ್-ದಬ್ಅ್ ಅಲ್ಲಿಗೆ ಹೋಗಿ 1959ರಲ್ಲಿ ಲೈಲಾ-ಮಜ್ನೂನ್ ಕಥೆಯನ್ನು ಆಧರಿಸಿ 'ಲೈಲಾ ಮತ್ತು ಕವಿ' ಎಂಬ ಕೃತಿ ರಚಿಸಿದ. ತುರ್ಕಿಯ ಬ್ಯುಲೆಂತ್ ಅರೆಲ್ ಅಲ್ಲಿ ದುಡಿದು, ಮುಂದೆ ಅಮೆರಿಕದ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ಇಂಥ ಸ್ಟುಡಿಯೋಗಳನ್ನು ಕಟ್ಟಲು ಕೈಜೋಡಿಸಿದ. ತುರ್ಕಿಯವನೇ ಆದ ಇಲ್ಹಾನ್ ಮಿಮರೋಗ್ಲು ಕೂಡ ಅಲ್ಲೇ ಬೆಳೆದ. ವಾದ್ಯಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಆದರೆ ಈ ವಿದ್ಯೆ ಪಶ್ಚಿಮದ ಸೊತ್ತು ಎಂದು ಭಾವಿಸುವವರು ಈ ಹೆಸರುಗಳನ್ನು ತಿಳಿದಿರಬೇಕು.

ಆ ಕಾಲದ ಸ್ಟುಡಿಯೋದ ಕೆಲಸ ಇಂದಿನ ಹುಡುಗರಿಗೆ ನಂಬಲು ಕಷ್ಟ. ಟೇಪು ಒಂದು ಸೆಕೆಂಡಿಗೆ 15 ಅಂಗುಲ, ಅಂದರೆ ಸುಮಾರು 38 ಸೆಂಟಿಮೀಟರ್ ಓಡುತ್ತಿತ್ತು. ಅರ್ಧ ಸೆಕೆಂಡಿನ ಸದ್ದು ಬೇಕೆಂದರೆ ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ 19 ಸೆಂಟಿಮೀಟರ್ ಕತ್ತರಿಸಬೇಕು. ಟೇಪನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ತಿರುಗಿಸಿ ಹಚ್ಚಿದರೆ ಗಂಟೆಯ ನಾದ ಕೊನೆಯಿಂದ ಮೊದಲಿಗೆ ಉಬ್ಬಿ ಬರುತ್ತದೆ. ಎರಡು ನಿಮಿಷದ ಕೃತಿಗೆ ತಿಂಗಳುಗಟ್ಟಲೆ ದುಡಿಮೆ. ಅಷ್ಟು ಸಮಯ ಒಬ್ಬನನ್ನು ಒಂದು ಕೋಣೆಯಲ್ಲಿ ಸುಮ್ಮನೆ ಕೇಳುತ್ತಾ ಕೂರಲು ಬಿಡುವ ಜಾಗ ವಿದ್ಯಾಸಂಸ್ಥೆಯಲ್ಲದೆ ಬೇರೆ ಯಾವುದಿದೆ? ಮಾರುಕಟ್ಟೆಯ ಸ್ಟುಡಿಯೋದಲ್ಲಿ ಗಂಟೆಗಿಷ್ಟು ಬಾಡಿಗೆ.

ಅಹಮದಾಬಾದಿನ ಕಪಾಟು

ಭಾರತದಲ್ಲೂ ಇಂಥದ್ದೊಂದು ಸ್ಟುಡಿಯೋ ಇತ್ತು. 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಝರ್ ನೆಲೆಗೊಂಡಿತು. ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅಲ್ಲಿ ಪ್ರಯೋಗ ನಡೆಸಿದರು. ಮೂರೇ ವರ್ಷಗಳಲ್ಲಿ, 1972ರ ವೇಳೆಗೆ, ಆ ಕೆಲಸ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಸೇರಿಕೊಂಡವು. ಸುಮಾರು 45 ವರ್ಷ ಅವುಗಳನ್ನು ಯಾರೂ ಕೇಳಿದಂತಿಲ್ಲ. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ, ಶುಚಿಗೊಳಿಸಿ, 2020ರಲ್ಲಿ ಬಿಬಿಸಿ ಬಾನುಲಿಯಲ್ಲಿ ಆ ಕಥೆ ಹೇಳಿದರು. 2023ರಲ್ಲಿ ಅವು ಧ್ವನಿಸಂಪುಟವಾಗಿ ಹೊರಬಂದವು.

ಟೇಪು ಅಮರವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಆ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ನುಡಿಸಲು ಹೋದರೆ ಪುಡಿ ಕಳಚಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಅದರೊಂದಿಗೆ ದನಿಯೂ ಹೋಗುತ್ತದೆ. ಅಂಥ ಟೇಪುಗಳನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಸಿಕ್ಕ ಅಲ್ಪ ಅವಧಿಯಲ್ಲಿ ನಕಲು ಮಾಡಿಕೊಳ್ಳಬೇಕು. ಅಹಮದಾಬಾದಿನ ಟೇಪುಗಳು ಬದುಕಿದ್ದು ಸಂಸ್ಥೆಯೊಂದು ಅವುಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಅವು ಅರ್ಥ ಪಡೆದದ್ದು ಯಾರ ಕೆಲಸ ಯಾವುದು ಎಂದು ಗುರುತಿಸಲು ಸಾಧ್ಯವಾದದ್ದರಿಂದ. ಹೆಸರಿಲ್ಲದ ಟೇಪು ಸಿಕ್ಕಿದರೂ ಅದು ಸಿಕ್ಕಿದಂತಲ್ಲ.

ಉತ್ತರ ಬೆಂಗಳೂರಿನ ಬಿಡಿ ಬಿಡಿ ಭಾಗಗಳು

ಈಗ ನಮ್ಮ ಊರಿಗೆ ಬರೋಣ. ಯಶವಂತಪುರದಿಂದ ಯಲಹಂಕದವರೆಗಿನ ಪ್ರದೇಶವನ್ನು ಧ್ವನಿಯ ದೃಷ್ಟಿಯಿಂದ ನೋಡಿದರೆ ಅಚ್ಚರಿಯಾಗುತ್ತದೆ. ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. 1961ರಲ್ಲಿ ರೇಡಿಯೋದ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮುಂತಾದ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರ ಯಂತ್ರಗಳು ಅಲ್ಲಿ ತಯಾರಾದವು. 1966ರಲ್ಲಿ ಯಶವಂತಪುರದ ಆಚೆ ಸರಕಾರಿ ಒಡೆತನದ ಕಂಠೀರವ ಸ್ಟುಡಿಯೋ ತಲೆಯೆತ್ತಿತು. ಇತ್ತ ಹೆಬ್ಬಾಳದ ದಾರಿಯಲ್ಲಿ, ಮೇಖ್ರಿ ವೃತ್ತದ ಹತ್ತಿರ, ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆ 1948ರಿಂದ ಇದೆ.

ಪಾಲಿಟೆಕ್ನಿಕ್‌ನ ಛಾಯಾಗ್ರಹಣ, ಧ್ವನಿಗ್ರಹಣ ವಿಭಾಗಗಳು 1990ರ ದಶಕದಲ್ಲಿ ನಗರದ ನಡುವಿನಿಂದ ಹೊರಟು ಹೆಸರಘಟ್ಟಕ್ಕೆ ಬಂದು, ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿ ನೆಲೆನಿಂತವು. 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತಂದ ಹೆಸರಘಟ್ಟ ಅದು. 1990ರಲ್ಲಿ ಅಲ್ಲೇ ನೃತ್ಯಗ್ರಾಮ ಹುಟ್ಟಿತ್ತು. 1996ರಲ್ಲಿ ಯಲಹಂಕದಲ್ಲಿ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆ ಆರಂಭವಾಯಿತು. ಈಗ ಅದು ಮಣಿಪಾಲ ಉನ್ನತ ಶಿಕ್ಷಣ ಸಂಸ್ಥೆಯ ಭಾಗ.

ಹೀಗೆ ವಿಜ್ಞಾನ, ಯಂತ್ರ, ತರಬೇತಿ, ಕಲೆ ಎಲ್ಲವೂ ಕೆಲವೇ ಮೈಲುಗಳ ಅಂತರದಲ್ಲಿ ಇದ್ದವು. ಆದರೆ ನ್ಯೂಯಾರ್ಕಿನಲ್ಲೋ ಅಹಮದಾಬಾದಿನಲ್ಲೋ ಆದಂತೆ ಸಂಗೀತಗಾರ, ಎಂಜಿನಿಯರ್, ವಿದ್ವಾಂಸ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂರುವ ಏರ್ಪಾಡನ್ನು ಸಂಸ್ಥಾನವಾಗಲಿ, ಮುಂದಿನ ಸರಕಾರಗಳಾಗಲಿ ಆ ಹಳೆಯ ಡಿಪ್ಲೊಮಾದ ಸುತ್ತ ಕಟ್ಟಲಿಲ್ಲ. ಡಿಪ್ಲೊಮಾ ಉದ್ಯೋಗದ ವಿದ್ಯೆಯಾಗಿ ಉಳಿಯಿತು. ಬಡವರ, ಮಧ್ಯಮ ವರ್ಗದವರ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಅದು ಅನ್ನದ ದಾರಿ ತೋರಿಸಿತು, ಅದು ಸಣ್ಣ ಮಾತಲ್ಲ. ಆದರೆ ದಶಕಗಳ ಕಾಲ ಕನ್ನಡ ಚಿತ್ರಗೀತೆಗಳ ಮುದ್ರಣ ಹೆಚ್ಚಾಗಿ ನಡೆದದ್ದು ಮದರಾಸಿನಲ್ಲಿ. ಬೆಂಗಳೂರಿನಲ್ಲೇ ಸುಸಜ್ಜಿತ ಧ್ವನಿಮುದ್ರಣ ಆಗಬೇಕೆಂದು ಶಂಕರನಾಗ್ 1980ರ ದಶಕದಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಬೇಕಾಯಿತು. ಧ್ವನಿಗ್ರಹಣ ಕಲಿಸುವ ಶಾಲೆ ಆಗಲೇ ನಾಲ್ಕು ದಶಕ ಹಳೆಯದಾಗಿತ್ತು.

ಬಿಡಿ ಭಾಗಗಳು ಒಬ್ಬರಲ್ಲೇ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಇದೇ ನಗರದಲ್ಲಿ ಉದಾಹರಣೆಯಿದೆ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ದೇಶ ವಿದೇಶಗಳ ಸಂಗೀತ ಪಾಠದ ಕೋಣೆಗಳಲ್ಲಿ ಶ್ರುತಿ ಹಿಡಿಯುವುದು ಅಂಥ ಪೆಟ್ಟಿಗೆಗಳೇ. ಸಂಸ್ಥೆಯೊಂದು ಮಾಡಬಹುದಾಗಿದ್ದನ್ನು ಒಬ್ಬ ವ್ಯಕ್ತಿ ತನ್ನ ಹಟದಿಂದ ಮಾಡಿದ.

ಇಸ್ನಾದ್ ಕಲಿಸುವ ಪಾಠ

ಯಂತ್ರ, ಹಣ, ಕೋಣೆ ಎಲ್ಲವೂ ಒದಗಿದವು ಎಂದೇ ಇಟ್ಟುಕೊಳ್ಳೋಣ. ಆ ಕೋಣೆಗೆ ಬೇಕಾದ ಶಿಸ್ತು ಯಾವುದು? ಅದಕ್ಕೆ ನಮ್ಮ ಪರಂಪರೆಯಲ್ಲೇ ಉತ್ತರವಿದೆ. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಯನ್ನೂ ಎರಡು ಭಾಗವಾಗಿ ನೋಡುತ್ತಾರೆ. ಮತ್ನ್ ಎಂದರೆ ಹೇಳಿದ ಮಾತು. ಇಸ್ನಾದ್ ಎಂದರೆ ಆ ಮಾತು ಯಾರಿಂದ ಯಾರಿಗೆ ಬಂತು ಎಂಬ ಹೆಸರುಗಳ ಸರಪಳಿ. ಮಾತು ಎಷ್ಟೇ ಚಂದವಿರಲಿ, ಸರಪಳಿಯ ಕೊಂಡಿ ಕಳಚಿದ್ದರೆ ಅದು ದುರ್ಬಲ. ಹೇಳಿದವನು ಯಾರು, ಎಲ್ಲಿದ್ದ, ಅವನ ನೆನಪು ಎಂಥದ್ದು, ಕೇಳಿದವನು ಅವನನ್ನು ನಿಜವಾಗಿ ಕಂಡಿದ್ದನೇ ಎಂದು ವಿಚಾರಿಸಲೆಂದೇ ಒಂದು ಶಾಸ್ತ್ರ ಬೆಳೆಯಿತು. ಅಸಂಖ್ಯ ಸಾಮಾನ್ಯ ಜನರ, ಹೆಂಗಸರ, ಬಿಡುಗಡೆಗೊಂಡ ಗುಲಾಮರ ಹೆಸರುಗಳು ಉಳಿದದ್ದು ಹಾಗೆ.

ಈ ಶಿಸ್ತು ಯಂತ್ರಯುಗಕ್ಕೂ ಹೊಂದಿತು. ಕೈರೋದಲ್ಲೇ ಲಬೀಬ್ ಅಸ್ಸಈದ್ ಎಂಬವರ ಪ್ರಯತ್ನದಿಂದ 1961ರಲ್ಲಿ ಇಡೀ ಪವಿತ್ರ ಕುರ್‌ಆನ್‌ನ ಪಾರಾಯಣ ಮೊದಲ ಬಾರಿಗೆ ಧ್ವನಿಮುದ್ರಿಕೆಯಾಗಿ ಹೊರಬಂತು. ಓದಿದವರು ಶೈಖ್ ಮಹಮೂದ್ ಖಲೀಲ್ ಅಲ್-ಹುಸರಿ. ಅನುಸರಿಸಿದ ಪಾಠ ಆಸಿಮ್ ಅವರಿಂದ ಹಫ್ಸ್ ಮೂಲಕ ಬಂದ ರಿವಾಯತ್. ದನಿ ಯಾರದು, ಪಾಠ ಯಾರ ಮೂಲಕ ಬಂತು ಎಂಬುದು ಮುದ್ರಿಕೆಯ ಜೊತೆಗೇ ಗುರುತಾಗಿ ನಿಂತಿತು. ಅದೇ ನಗರದಲ್ಲಿ 17 ವರ್ಷ ಮೊದಲು ತಂತಿಗೆ ಸೇರಿದ ಹೆಂಗಸರ ದನಿಗೆ ಈ ಭಾಗ್ಯ ದೊರೆಯಲಿಲ್ಲ. ಗ್ರಂಥದ ಪಾರಾಯಣಕ್ಕೂ ಜಾನಪದ ಆಚರಣೆಗೂ ಹೋಲಿಕೆಯಿಲ್ಲ ನಿಜ. ಆದರೆ ಹಾಡಿದವಳು ಯಾರೆಂದು ಕೇಳಿ ಬರೆದುಕೊಳ್ಳುವುದು ಎರಡೂ ಕಡೆ ಸಾಧ್ಯವಿತ್ತು.

ರಿವಾಯತ್ ಎಂಬ ಶಬ್ದ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಮೊಹರಮ್‌ನ ಕರ್ಬಲಾ ಹಾಡುಗಳಿಗೆ ರಿವಾಯತ್ ಪದ ಎನ್ನುತ್ತಾರೆ. ಅಲಾವಿಯ ಸುತ್ತ ಅವುಗಳನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ರಹಮತ್ ತರೀಕೆರೆಯವರಂಥ ವಿದ್ವಾಂಸರು ಈ ಪರಂಪರೆಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅಕ್ಷರದಲ್ಲಿ ಆದ ಈ ಕೆಲಸ ಧ್ವನಿಯಲ್ಲಿ ಎಷ್ಟು ಆಗಿದೆ? ದಖನಿ ಮಾತಾಡುವ ಅಜ್ಜಿಯರ ಬೀಸುವ ಹಾಡು, ಬ್ಯಾರಿ ಮದುವೆಯ ಹಾಡು, ಫಕೀರರ ದಫ್, ಹಾಗೆಯೇ ಜೋಗಿ, ಹೆಳವರ ಕಥನ, ಇವೆಲ್ಲ ದಿನದಿನವೂ ಕಡಿಮೆಯಾಗುತ್ತಿವೆ. ಫೋನಿನಲ್ಲಿ ಹಿಡಿದವರು ಬಹಳ ಮಂದಿ. ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು ಎಂದು ಬರೆದಿಟ್ಟವರು ಕಡಿಮೆ.

ಒಳ್ಳೆಯ ಮಾದರಿಯೂ ನಮ್ಮ ನೆಲದಲ್ಲೇ ಇದೆ. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಹಾಡು, ಕುಣಿತಗಳನ್ನು ಮುದ್ರಿಸಿಕೊಂಡಿದ್ದ. 1984ರಲ್ಲಿ ನಝೀರ್ ಅಲಿ ಜೈರಾಝ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಎಂಬ ಸಂಗೀತ ವಿದ್ವಾಂಸರು ಆ ಹಳೆಯ ಮುದ್ರಣಗಳ ಜಾಡು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮತ್ತೆ ಸುತ್ತಿದರು. ಹಿಂದೆ ಒಯ್ದ ದನಿಯನ್ನು ಅದರ ಊರಿಗೆ ಮರಳಿ ತಂದು, ಇದನ್ನು ಬಲ್ಲವರು ಯಾರು ಎಂದು ವಿಚಾರಿಸುವ ಕೆಲಸ ಅದು. 46 ವರ್ಷದ ಬಳಿಕವಾದರೂ ಕಳಚಿದ ಕೊಂಡಿಯನ್ನು ಕೂಡಿಸಲು ಹೊರಟ ಪ್ರಯತ್ನ.

ಇಂದಿನ ಹೊಣೆ

ಈಗ ಸ್ಟುಡಿಯೋ ಎಂದರೆ ಕೋಣೆ ತುಂಬುವ ಯಂತ್ರವಲ್ಲ. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿರುವ ಹುಡುಗನ ಲ್ಯಾಪ್‌ಟಾಪಿನಲ್ಲಿ ಕೊಲಂಬಿಯಾ-ಪ್ರಿನ್ಸ್‌ಟನ್ ಕೇಂದ್ರದ ಯಂತ್ರಗಳೆಲ್ಲ ಅಡಗಿವೆ. ಬ್ಲೇಡಿನ ಕೆಲಸವನ್ನು ಬೆರಳು ಮಾಡುತ್ತದೆ. ಹಾಗಿದ್ದ ಮೇಲೆ ವಿದ್ಯಾಸಂಸ್ಥೆಗೆ ಸ್ಟುಡಿಯೋ ಏಕೆ ಬೇಕು ಎಂದು ಕೇಳುವವರಿದ್ದಾರೆ.

ಯಂತ್ರಕ್ಕಾಗಿ ಬೇಡ, ಆದರೆ ಶಿಸ್ತಿಗಾಗಿ ಬೇಕು. ಇವತ್ತು ಒಬ್ಬರ ಮಾತಿನ ಕೆಲವೇ ಸೆಕೆಂಡುಗಳ ಮುದ್ರಣವಿದ್ದರೆ ಸಾಕು, ಅವರು ಆಡದ ಮಾತನ್ನು ಅವರ ದನಿಯಲ್ಲೇ ಆಡಿಸುವ ತಂತ್ರಾಂಶಗಳು ಬಂದಿವೆ. ತೀರಿಹೋದ ಗಾಯಕರ ದನಿಯಲ್ಲಿ ಹೊಸ ಹಾಡು ಹೊರಡುತ್ತದೆ. ಮಗನ ದನಿಯಲ್ಲಿ ಕರೆಮಾಡಿ ತಾಯಿಯಿಂದ ಹಣ ಕೀಳುವ ವಂಚನೆಗಳೂ ನಡೆಯುತ್ತಿವೆ. ಒಂದು ನೆರೆಹೊರೆಯವರ ಮಾತೆಂದು ಸುಳ್ಳು ಧ್ವನಿ ಹಬ್ಬಿಸಿದರೆ ಊರೇ ಹೊತ್ತಿ ಉರಿಯಬಹುದು. ದನಿಯನ್ನು ಹೆಸರಿನಿಂದ ಬಿಡಿಸುವ ಕೆಲಸ ಇಷ್ಟು ಸುಲಭವಾದದ್ದು ಹಿಂದೆಂದೂ ಇಲ್ಲ. ಕೇಳಿದ್ದನ್ನೆಲ್ಲ ಹಂಚುವ ಮೊದಲು ಇದರ ಇಸ್ನಾದ್ ಏನು ಎಂದು ಕೇಳುವ ಅಭ್ಯಾಸ ಎಲ್ಲರಿಗೂ ಬೇಕಾದ ಕಾಲ ಇದು.

ಆದುದರಿಂದ ಹೆಸರಘಟ್ಟದಂಥ ಸರಕಾರಿ ಸಂಸ್ಥೆ, ಯಲಹಂಕದಂಥ ಕಲಾಶಾಲೆ, ನಮ್ಮ ವಿಶ್ವವಿದ್ಯಾನಿಲಯಗಳ ಸಂಗೀತ ಮತ್ತು ಜಾನಪದ ವಿಭಾಗಗಳು ಒಂದು ಸಣ್ಣ ಕೆಲಸದಿಂದ ಆರಂಭಿಸಬಹುದು. ಧ್ವನಿಗ್ರಹಣ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿ ಓದು ಮುಗಿಸುವ ಮೊದಲು ತನ್ನ ಊರಿನ ಒಬ್ಬ ಹಿರಿಯರ ದನಿಯನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಲಿ. ಹಾಡಿದವರ ಹೆಸರು, ಊರು, ಕಲಿಸಿದವರ ಹೆಸರು, ದಿನಾಂಕ, ಮುದ್ರಿಸಿದವನ ಹೆಸರು ಇಷ್ಟನ್ನು ಆ ದನಿಯ ಜೊತೆ ಬರೆದಿಡಲಿ. ಒಂದು ಪ್ರತಿ ಸಂಸ್ಥೆಯಲ್ಲಿರಲಿ, ಒಂದು ಪ್ರತಿ ಆ ಮನೆಗೆ ಹೋಗಲಿ. ಅದರ ಜೊತೆ, 1943ರಿಂದ ಧ್ವನಿಗ್ರಹಣದ ಡಿಪ್ಲೊಮಾ ಪಡೆದವರ ಹೆಸರುಗಳ ಪಟ್ಟಿಯೊಂದನ್ನು ಹಳೆಯ ದಾಖಲೆಗಳಿಂದ ತೆಗೆದು ಸಾರ್ವಜನಿಕರ ಮುಂದಿಡಲಿ. ಇದಕ್ಕೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣ ಬೇಕಾಗಿಲ್ಲ.

ಕೊಳವೆಯ ಮುಂದೆ ನಿಂತ ಆ ಗಾಯಕಿಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವ ಅವಕಾಶವಿತ್ತು. ಎಲ್ಲರಿಗೂ ಅದು ಇರುವುದಿಲ್ಲ. ಉಳಿದವರ ಹೆಸರನ್ನು ಮುದ್ರಿಸಿದವನೇ ಬರೆದಿಡಬೇಕು.